ವಿದೇಶಕ್ಕೆ ಮನೆ ಬದಲಿಸುವಾಗ ಡೆಸ್ಕ್‌ಟಾಪ್ ಕಂಪ್ಯೂಟರನ್ನು ಸುರಕ್ಷಿತವಾಗಿ ಸಾಗಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಮೊದಲ ಸಲ ದೇಶ ಬದಲಿಸಿದಾಗ ನನ್ನ ಕಂಪ್ಯೂಟರ್ ಬಂದಿಳಿದ ರಟ್ಟಿನ ಪೆಟ್ಟಿಗೆಯ ಒಂದು ಮೂಲೆಯೂ ಮುದುಡಿರಲಿಲ್ಲ. ಆದರೂ ಕ್ಯಾಬಿನೆಟ್ಟನ್ನು ಎತ್ತಿದೊಡನೆ ಒಳಗಿನಿಂದ ಗಲಗಲ ಸದ್ದು ಬಂತು. ಪಕ್ಕದ ಮುಚ್ಚಳ ತೆಗೆದು ನೋಡಿದರೆ ಗ್ರಾಫಿಕ್ಸ್ ಕಾರ್ಡು ಹಿಂಬದಿಯ ಒಂದೇ ಒಂದು ಸ್ಕ್ರೂವಿನ ಆಸರೆಯಲ್ಲಿ ನೇತಾಡುತ್ತಿತ್ತು; ಅದು ಕೂರುವ ಸ್ಲಾಟಿನ ತುದಿಯ ಪ್ಲಾಸ್ಟಿಕ್ ಕೊಂಡಿ ಮುರಿದು ತಳದಲ್ಲಿ ಬಿದ್ದಿತ್ತು; ಕಾರ್ಡಿನ ಲೋಹದ ಅಂಚು ಮದರ್‌ಬೋರ್ಡಿನ ಮೇಲೆ ಬೆರಳುದ್ದದ ಗೀರು ಎಳೆದಿತ್ತು. ಹೊರಗಿನ ಪೆಟ್ಟಿಗೆಗೆ ನಾನು ಸಾಕಷ್ಟು ಕಾಳಜಿ ವಹಿಸಿದ್ದೆ. ಒಳಗೆ ತೂಗುತ್ತಿದ್ದ ಭಾರದ ಬಗ್ಗೆ ಯೋಚಿಸಿರಲಿಲ್ಲ.

ಡೆಸ್ಕ್‌ಟಾಪ್ ಸಾಗಣೆಯಲ್ಲಿ ಆಗುವ ಹಾನಿಯ ಬಹುಪಾಲು ಇದೇ ಬಗೆಯದು. ನೆಟ್ಟಗೆ ನಿಂತ ಕ್ಯಾಬಿನೆಟ್ಟಿನಲ್ಲಿ ಗ್ರಾಫಿಕ್ಸ್ ಕಾರ್ಡು ಗೋಡೆಯಿಂದ ಚಾಚಿದ ಸಜ್ಜದಂತೆ ಒಂದೇ ಕಡೆಯ ಹಿಡಿತದಲ್ಲಿರುತ್ತದೆ, ಮತ್ತು ಈಗಿನ ದೊಡ್ಡ ಕಾರ್ಡುಗಳು ಎರಡು ಕಿಲೋ ಮೀರಿ ತೂಗುವುದೂ ಉಂಟು. ಪ್ರೊಸೆಸರಿನ ಮೇಲೆ ಕೂರುವ ಎತ್ತರದ ಕೂಲರ್ ಇನ್ನೊಂದು ಕಿಲೋ ಸೇರಿಸುತ್ತದೆ. ಮೇಜಿನ ಮೇಲೆ ಅಲುಗಾಡದೆ ನಿಂತಿರುವವರೆಗೆ ಇವುಗಳಿಂದ ತೊಂದರೆಯಿಲ್ಲ. ಪೆಟ್ಟಿಗೆ ಮೊಣಕಾಲೆತ್ತರದಿಂದ ಬಿದ್ದ ಕ್ಷಣಮಾತ್ರದಲ್ಲಿ ಅದೇ ಭಾರ ಹಲವು ಪಟ್ಟಾಗಿ ಸ್ಲಾಟನ್ನೂ ಬೋರ್ಡನ್ನೂ ಎಳೆಯುತ್ತದೆ. ಆದ್ದರಿಂದ ತೂಗುವ ಭಾರವನ್ನು ಬಿಚ್ಚಿ ಬೇರೆಯಾಗಿ ಕಟ್ಟಬೇಕು, ಮಾಹಿತಿಯಿರುವ ಡಿಸ್ಕುಗಳನ್ನು ಕೈಯಲ್ಲೇ ಒಯ್ಯಬೇಕು. ಮುಂದೆ ಹೇಳುವ ಎಲ್ಲ ಹಂತಗಳೂ ಈ ಎರಡು ಮಾತುಗಳ ವಿವರಣೆಯೇ.

ಏನನ್ನು ಒಯ್ಯಬೇಕು, ಏನನ್ನು ಬಿಡಬೇಕು

ಸಾಗಣೆಗೆ ಮೂರು ದಾರಿಗಳಿವೆ. ಬೆಲೆಬಾಳುವ ಬಿಡಿಭಾಗಗಳನ್ನು ಮಾತ್ರ ತೆಗೆದುಕೊಂಡು ಹೋಗಿ ಕ್ಯಾಬಿನೆಟ್ಟನ್ನು ಅಲ್ಲಿ ಹೊಸದಾಗಿ ಕೊಳ್ಳುವುದು ಒಂದು. ಭಾರ ಬಿಚ್ಚಿದ ಕ್ಯಾಬಿನೆಟ್ಟನ್ನು ವಿಮಾನದ ಚೆಕ್-ಇನ್ ಲಗೇಜಾಗಿ ಹಾಕುವುದು ಇನ್ನೊಂದು. ಉಳಿದ ಮನೆ ಸಾಮಾನಿನ ಜೊತೆ ಹಡಗಿನಲ್ಲೋ ಕೊರಿಯರಿನಲ್ಲೋ ಕಳಿಸುವುದು ಮೂರನೆಯದು.

ಯಾವುದನ್ನು ಆರಿಸಬೇಕೆಂಬುದಕ್ಕೆ ನಾನು ಬಳಸುವ ಅಳತೆಗೋಲು ಬೆಲೆಗೂ ಗಾತ್ರಕ್ಕೂ ಇರುವ ಅನುಪಾತ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್ ಮತ್ತು ಎಸ್‌ಎಸ್‌ಡಿ ಈ ನಾಲ್ಕೂ ಸೇರಿ ಒಂದು ಸಣ್ಣ ಬ್ಯಾಗಿನಲ್ಲಿ ಹಿಡಿಯುತ್ತವೆ, ಆದರೆ ಯಂತ್ರದ ಬೆಲೆಯ ದೊಡ್ಡ ಪಾಲು ಅವುಗಳಲ್ಲೇ ಇರುತ್ತದೆ. ಕ್ಯಾಬಿನೆಟ್ಟು ಎಂದರೆ ಬಹುಪಾಲು ತಗಡು ಮತ್ತು ಗಾಳಿ. ಮಾನಿಟರ್ ದೊಡ್ಡದು, ನಾಜೂಕಿನದು, ಎಲ್ಲ ಕಡೆಯೂ ಸಿಗುವಂಥದ್ದು. ಹೀಗಾಗಿ ಒಬ್ಬರೇ ಎರಡು ಪೆಟ್ಟಿಗೆಗಳೊಂದಿಗೆ ಹೊರಟಿದ್ದರೆ ಮೊದಲ ದಾರಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಕ್ಯಾಬಿನೆಟ್ಟಿನ ಮೇಲೆ ಮಮತೆಯಿದ್ದರೆ, ಅಥವಾ ಹೋಗುವ ಊರಿನಲ್ಲಿ ಮತ್ತೆ ಜೋಡಿಸುವಷ್ಟು ಪುರುಸೊತ್ತು ಇಲ್ಲದಿದ್ದರೆ, ಎರಡನೆಯದೂ ಸಾಧ್ಯ.

ಎರಡನೆಯ ದಾರಿಗೆ ಮೊದಲು ಅಳತೆ ಹಾಕಬೇಕು. ಬಹಳಷ್ಟು ವಿಮಾನಯಾನ ಸಂಸ್ಥೆಗಳು ಚೆಕ್-ಇನ್ ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳ ಮೊತ್ತ 158 ಸೆಂ.ಮೀ. ಮೀರಬಾರದೆಂದೂ ತೂಕ 23 ಕಿಲೋ ಒಳಗಿರಬೇಕೆಂದೂ ಹೇಳುತ್ತವೆ. ಹೆಚ್ಚಿನ ಹಣ ಕೊಟ್ಟರೂ ಒಂದು ಪೆಟ್ಟಿಗೆಗೆ 32 ಕಿಲೋ ಸಾಮಾನ್ಯವಾದ ಕೊನೆಯ ಮಿತಿ. ಮಧ್ಯಮ ಗಾತ್ರದ ಕ್ಯಾಬಿನೆಟ್ಟಿನ ಮೂರು ಅಳತೆಗಳ ಮೊತ್ತ ಸುಮಾರು 115 ಸೆಂ.ಮೀ. ಇರುತ್ತದೆ. ಎಲ್ಲ ಬದಿಗಳಲ್ಲೂ 5 ಸೆಂ.ಮೀ. ದಪ್ಪದ ಮೆತ್ತೆ ಇಟ್ಟರೆ ಪ್ರತಿ ಅಳತೆಗೆ 10ರಂತೆ ಒಟ್ಟು 30 ಸೇರಿ 145 ಆಗುತ್ತದೆ, ರಟ್ಟಿನ ದಪ್ಪ ಹಿಡಿದರೂ ಮಿತಿಯೊಳಗೇ ನಿಲ್ಲುತ್ತದೆ. ನಿಮ್ಮದು ಅದಕ್ಕಿಂತ ದೊಡ್ಡ ಟವರ್ ಆಗಿದ್ದರೆ ಈ ಲೆಕ್ಕ ಕೂಡುವುದಿಲ್ಲ, ಮತ್ತು ಲೆಕ್ಕ ಕೂಡಿಸಲೆಂದು ಮೆತ್ತೆಯನ್ನು ತೆಳುಮಾಡಬಾರದು.

ಹೊರಡುವ ಮುನ್ನವೇ ವಿದ್ಯುತ್ತಿನ ಲೆಕ್ಕ

ಇದನ್ನು ತಲುಪಿದ ಮೇಲೆ ನೋಡಿಕೊಂಡರಾಯಿತೆಂದು ಬಿಡುವವರು ಹೆಚ್ಚು. ಯೂರೋಪು ಮತ್ತು ಏಷ್ಯಾದ ಬಹುಭಾಗದಲ್ಲಿ 220ರಿಂದ 240 ವೋಲ್ಟ್, ಅಮೆರಿಕ ಮತ್ತು ಕೆನಡಾದಲ್ಲಿ 120 ವೋಲ್ಟ್, ಜಪಾನಿನಲ್ಲಿ 100 ವೋಲ್ಟ್ ವಿದ್ಯುತ್ ಬರುತ್ತದೆ. ಪವರ್ ಸಪ್ಲೈಯ ಬದಿಯ ಚೀಟಿಯನ್ನು ಓದಿ. ಅಲ್ಲಿ 100–240 ವೋಲ್ಟ್, 50–60 ಹರ್ಟ್ಜ್ ಎಂದು ಅಚ್ಚಾಗಿದ್ದರೆ ಅದು ತಾನಾಗಿಯೇ ಹೊಂದಿಕೊಳ್ಳುತ್ತದೆ. ಹಳೆಯ ಮತ್ತು ಅಗ್ಗದ ಕೆಲವು ಪವರ್ ಸಪ್ಲೈಗಳ ಹಿಂಬದಿಯಲ್ಲಿ 115 ಮತ್ತು 230 ಎಂದು ಬರೆದ ಸಣ್ಣ ಕೆಂಪು ಸ್ವಿಚ್ ಇರುತ್ತದೆ. ಅದು 115ರಲ್ಲಿದ್ದಾಗ 230 ವೋಲ್ಟಿನ ಸಾಕೆಟ್ಟಿಗೆ ಹಾಕಿದರೆ ಪವರ್ ಸಪ್ಲೈ ಸುಡುತ್ತದೆ, ಅದೃಷ್ಟ ಕೆಟ್ಟರೆ ಅದರೊಂದಿಗೆ ಬೇರೆ ಭಾಗಗಳೂ ಹೋಗುತ್ತವೆ. ಅಂಥ ಸ್ವಿಚ್ ಇದ್ದರೆ ಪ್ಯಾಕ್ ಮಾಡುವ ಮೊದಲೇ ಅದನ್ನು ಹೋಗುವ ದೇಶಕ್ಕೆ ತಕ್ಕಂತೆ ಸರಿಸಿ, ಮೇಲೆ ಟೇಪು ಅಂಟಿಸಿಬಿಡಿ.

ಭಾರೀ ಯಂತ್ರ ಇಟ್ಟುಕೊಂಡವರು ಇನ್ನೊಂದು ವಿಷಯ ಗಮನಿಸಬೇಕು. 1000 ವ್ಯಾಟ್ ಕೊಡುವ ಪವರ್ ಸಪ್ಲೈ ಪೂರ್ಣ ಹೊರೆಯಲ್ಲಿ 230 ವೋಲ್ಟಿನಲ್ಲಿ 5 ಆಂಪಿಯರಿನಷ್ಟು ಎಳೆದರೆ 120 ವೋಲ್ಟಿನಲ್ಲಿ 9 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಅತಿ ದೊಡ್ಡ ಕೆಲವು ಪವರ್ ಸಪ್ಲೈಗಳು ತಮ್ಮ ಪೂರ್ಣ ಸಾಮರ್ಥ್ಯ ಕೊಡುವುದು 200 ವೋಲ್ಟಿಗೆ ಮೇಲ್ಪಟ್ಟಾಗ ಮಾತ್ರ. ಚೀಟಿಯಲ್ಲಿ ಅದೂ ನಮೂದಾಗಿರುತ್ತದೆ.

ಪ್ಲಗ್ಗಿನ ಆಕಾರದ ಬಗ್ಗೆ ಚಿಂತೆ ಬೇಡ. ಕಂಪ್ಯೂಟರಿಗೆ ಸಿಕ್ಕಿಸುವ ಮೂರು ಕಿಂಡಿಯ ತುದಿ ಎಲ್ಲ ದೇಶಗಳಲ್ಲೂ ಒಂದೇ, ಸಾಮಾನ್ಯವಾಗಿ ಸಿ13 ಎಂಬ ಹೆಸರಿನದು. ಬದಲಾಗುವುದು ಗೋಡೆಯ ಕಡೆಯ ತುದಿ ಮಾತ್ರ. ಆದ್ದರಿಂದ ಅಡಾಪ್ಟರ್ ಹಾಕುವ ಬದಲು ಹೋದ ಕಡೆ ಅಲ್ಲಿಯ ಪ್ಲಗ್ಗಿರುವ ಒಳ್ಳೆಯ ಕೇಬಲ್ ಕೊಳ್ಳಿ. ಪ್ರಯಾಣಿಕರ ಅಡಾಪ್ಟರುಗಳಲ್ಲಿ ಅರ್ತಿಂಗ್ ಸಂಪರ್ಕ ಇಲ್ಲದಿರುವುದು ಸಾಮಾನ್ಯ, ಲೋಹದ ಕ್ಯಾಬಿನೆಟ್ಟಿಗೆ ಅದು ಅಪಾಯ. ಯುಪಿಎಸ್, ಸ್ಟೆಬಿಲೈಸರ್ ಮತ್ತು ಲೇಸರ್ ಪ್ರಿಂಟರ್ ಒಂದೇ ವೋಲ್ಟೇಜಿಗೆ ತಯಾರಾದವು. ಅವನ್ನು ಬಿಟ್ಟು ಹೋಗುವುದೇ ಸರಿ.

ಮಾಹಿತಿಯ ರಕ್ಷಣೆ

ಬಿಡಿಭಾಗ ಹಾಳಾದರೆ ಮತ್ತೆ ಕೊಳ್ಳಬಹುದು. ಮಕ್ಕಳ ಫೋಟೊಗಳನ್ನೂ ವರ್ಷಗಟ್ಟಲೆಯ ಕೆಲಸವನ್ನೂ ಯಾವ ವಿಮೆಯೂ ತಂದುಕೊಡುವುದಿಲ್ಲ. ಬ್ಯಾಕಪ್ಪಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ನಿಯಮವೆಂದರೆ ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳು, ಒಂದು ಬೇರೆ ಜಾಗದಲ್ಲಿ. ಪ್ರಯಾಣದ ಮಟ್ಟಿಗೆ ಇದನ್ನು ಹೀಗೆ ಓದಿಕೊಳ್ಳಿ: ಕಂಪ್ಯೂಟರಿನ ಡಿಸ್ಕ್ ಒಂದು, ಬೇರೊಂದು ಬ್ಯಾಗಿನಲ್ಲಿ ಪ್ರಯಾಣಿಸುವ ಎಕ್ಸ್‌ಟರ್ನಲ್ ಡ್ರೈವ್ ಇನ್ನೊಂದು, ಕ್ಲೌಡಿನಲ್ಲೋ ನಂಬಿಕಸ್ಥ ಬಂಧುಗಳ ಮನೆಯಲ್ಲೋ ಮೂರನೆಯದು. ಬ್ಯಾಕಪ್ ಆದ ಮೇಲೆ ಅದರಿಂದ ನಾಲ್ಕೈದು ಕಡತಗಳನ್ನು ಮತ್ತೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಎಂದು ಎಣಿಸುವುದಿಲ್ಲ.

ಡಿಸ್ಕುಗಳು ಕಳೆದುಹೋಗಬಹುದಾದ್ದರಿಂದ ಅವುಗಳನ್ನು ಎನ್‌ಕ್ರಿಪ್ಟ್ ಮಾಡಿರುವುದು, ಅಂದರೆ ಕೀ ಇಲ್ಲದೆ ಓದಲಾಗದಂತೆ ಮಾಡಿರುವುದು, ಒಳ್ಳೆಯದು, ಆದರೆ ಇಲ್ಲೇ ಒಂದು ಬಲೆಯಿದೆ. ವಿಂಡೋಸಿನ ಬಿಟ್‌ಲಾಕರ್, ಯಂತ್ರದ ಭಾಗಗಳನ್ನು ಬಿಚ್ಚಿ ಜೋಡಿಸಿದ ಮೇಲೆ ಅಥವಾ ಬಯಾಸ್ (ಯಂತ್ರ ಚಾಲೂ ಆಗುವಾಗ ವಿಂಡೋಸಿಗಿಂತ ಮೊದಲು ಓಡುವ ಮೂಲ ತಂತ್ರಾಂಶ) ಸೆಟ್ಟಿಂಗ್ ಬದಲಾದ ಮೇಲೆ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಆ ಖಾತೆಗೆ ಲಾಗಿನ್ ಆಗಲು ಒಟಿಪಿ ಬೇಕಾಗುತ್ತದೆ. ಒಟಿಪಿ ಬರುವುದು ನೀವು ದೇಶ ಬಿಡುವಾಗ ನಿಲ್ಲಿಸಿಬಿಟ್ಟ ಮೊಬೈಲ್ ನಂಬರಿಗೆ. ಹೀಗೆ ತಮ್ಮದೇ ಕಂಪ್ಯೂಟರಿನ ಹೊರಗೆ ನಿಲ್ಲುವ ಪರಿಸ್ಥಿತಿ ಬರಬಾರದೆಂದರೆ ಕೀಯನ್ನು ಕಾಗದದ ಮೇಲೆ ಮುದ್ರಿಸಿ ಪಾಸ್‌ಪೋರ್ಟಿನ ಜೊತೆಗಿಡಿ, ಮತ್ತು ಮುಖ್ಯ ಖಾತೆಗಳ ಭದ್ರತೆಯನ್ನು ಹಳೆಯ ನಂಬರಿನಿಂದ ಅಥೆಂಟಿಕೇಟರ್ ಆ್ಯಪಿಗೆ ಹೊರಡುವ ವಾರಕ್ಕೆ ಮೊದಲೇ ಬದಲಿಸಿಕೊಳ್ಳಿ.

ಬಿಚ್ಚುವ ಕ್ರಮ

ಇದಕ್ಕೆ ಒಂದು ಇಡೀ ಮಧ್ಯಾಹ್ನ ತೆಗೆದಿಡಿ. ಹೊರಡುವ ಹಿಂದಿನ ರಾತ್ರಿ ಮಾಡುವ ಕೆಲಸ ಇದಲ್ಲ. ಮೊದಲು ಬಯಾಸ್ ಸೆಟ್ಟಿಂಗುಗಳ ಪುಟಗಳನ್ನು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಬಳಿಕ ಕ್ಯಾಬಿನೆಟ್ ತೆರೆದು ಒಳಗಿನ ಪ್ರತಿ ಕೇಬಲ್ಲಿನ ಫೋಟೊ ತೆಗೆಯಿರಿ. ಅದರಲ್ಲೂ ಮುಂಬದಿಯ ಪವರ್ ಬಟನ್ನಿನಿಂದ ಬಂದು ಮದರ್‌ಬೋರ್ಡಿನ ಮೂಲೆಯಲ್ಲಿ ಕೂರುವ ಕಡ್ಡಿಯಂಥ ಸಣ್ಣ ವೈರುಗಳನ್ನು ಹತ್ತಿರದಿಂದ, ಅಕ್ಷರ ಕಾಣುವಂತೆ ತೆಗೆಯಬೇಕು. ಅವು ಒಮ್ಮೆ ಕಳಚಿದರೆ ನೆನಪಿನಿಂದ ಹಾಕುವುದು ಕಷ್ಟ.

ಬಿಚ್ಚುವ ಮೊದಲು ಯಂತ್ರವನ್ನು ಹತ್ತು ಹದಿನೈದು ನಿಮಿಷ ಓಡಿಸಿ. ಪ್ರೊಸೆಸರ್ ಮತ್ತು ಕೂಲರ್ ನಡುವಿನ ಥರ್ಮಲ್ ಪೇಸ್ಟ್ ತಣ್ಣಗಿದ್ದಾಗ ಗೋಂದಿನಂತೆ ಹಿಡಿದುಕೊಂಡಿರುತ್ತದೆ, ಬೆಚ್ಚಗಾದಾಗ ಸಡಿಲವಾಗುತ್ತದೆ. ಆಮೇಲೆ ಶಿಫ್ಟ್ ಕೀ ಒತ್ತಿಹಿಡಿದು ವಿಂಡೋಸನ್ನು ಪೂರ್ತಿಯಾಗಿ ಶಟ್‌ಡೌನ್ ಮಾಡಿ, ಪವರ್ ಸಪ್ಲೈಯ ಸ್ವಿಚ್ ಆರಿಸಿ, ಕೇಬಲ್ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿಹಿಡಿಯಿರಿ; ಒಳಗುಳಿದ ವಿದ್ಯುತ್ತು ಇದರಿಂದ ಇಳಿದುಹೋಗುತ್ತದೆ. ಪವರ್ ಸಪ್ಲೈಯ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು. ಪ್ರತಿ ಭಾಗ ಮುಟ್ಟುವ ಮುನ್ನ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯಲ್ಲಿನ ಸ್ಥಿರ ವಿದ್ಯುತ್ತನ್ನು ಇಳಿಸಿಕೊಳ್ಳಿ. ಕಾರ್ಪೆಟ್ಟಿನ ಮೇಲೆ ಕುಳಿತು ಈ ಕೆಲಸ ಬೇಡ.

ಗಾಜಿನ ಪಕ್ಕಫಲಕ ಇದ್ದರೆ ಅದನ್ನೇ ಮೊದಲು ತೆಗೆದು ಮೆತ್ತನೆಯ ಬಟ್ಟೆಯ ಮೇಲೆ ಮಲಗಿಸಿ. ಟೆಂಪರ್ಡ್ ಗಾಜು ನಡುವೆ ಬಿದ್ದ ಪೆಟ್ಟನ್ನು ತಡೆದರೂ ಅಂಚು ಕಲ್ಲಿನ ನೆಲಕ್ಕೆ ತಾಗಿದರೆ ಇಡಿಯಾಗಿ ಪುಡಿಯಾಗುತ್ತದೆ.

ಮುಂದಿನದು ಗ್ರಾಫಿಕ್ಸ್ ಕಾರ್ಡ್. ಅದರ ಪವರ್ ಕೇಬಲ್ಲನ್ನು ಕನೆಕ್ಟರ್ ಹಿಡಿದೇ ಎಳೆಯಿರಿ, ವೈರು ಹಿಡಿದಲ್ಲ. ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ, ಒಂದು ಕೈಯಿಂದ ಕಾರ್ಡಿನ ಭಾರ ಹೊತ್ತುಕೊಂಡು, ಇನ್ನೊಂದು ಕೈಯಿಂದ ಸ್ಲಾಟಿನ ತುದಿಯ ಕೊಂಡಿಯನ್ನು ಒತ್ತಿ. ದೊಡ್ಡ ಕಾರ್ಡಿನ ಕೆಳಗೆ ಆ ಕೊಂಡಿ ಬೆರಳಿಗೆ ಸಿಗುವುದಿಲ್ಲ. ಆಗ ಸ್ಕ್ರೂಡ್ರೈವರ್ ತೂರಿಸಬೇಡಿ, ಜಾರಿದರೆ ಬೋರ್ಡಿನ ಗೆರೆಗಳು ಕತ್ತರಿಸಿಹೋಗುತ್ತವೆ. ಚಪ್ಪಟೆ ತುದಿಯ ಮರದ ಕಡ್ಡಿ ಸಾಕು. ಟಕ್ ಎಂದು ಕೊಂಡಿ ಬಿಟ್ಟ ಮೇಲೆ ಕಾರ್ಡನ್ನು ಅಡ್ಡಕ್ಕೆ ಅಲ್ಲಾಡಿಸದೆ ನೇರವಾಗಿ ಎಳೆದು, ಚಿನ್ನದ ಬಣ್ಣದ ಪಟ್ಟಿಗೆ ಬೆರಳು ತಾಗಿಸದೆ ಆ್ಯಂಟಿಸ್ಟ್ಯಾಟಿಕ್ ಚೀಲಕ್ಕೆ ಹಾಕಿ.

ಈಗ ಪೇಸ್ಟ್ ಇನ್ನೂ ಬೆಚ್ಚಗಿರುವಾಗಲೇ ಕೂಲರ್ ತೆಗೆಯಬೇಕು. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಬಿಚ್ಚಿದ ಮೇಲೆ ನೇರವಾಗಿ ಮೇಲಕ್ಕೆತ್ತದೆ, ಸೀಸೆಯ ಮುಚ್ಚಳ ತಿರುಗಿಸುವಂತೆ ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುವಿ. ಅಂಟು ಬಿಟ್ಟದ್ದು ಕೈಗೆ ಗೊತ್ತಾಗುತ್ತದೆ. ಎಎಂಡಿ ಕಂಪನಿಯ ಎಎಂ4 ಎಂಬ ಸಾಕೆಟ್ (ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಇರುವ ಯಂತ್ರಗಳಲ್ಲಿ ಇದು ತೀರ ಮುಖ್ಯ: ಅಲ್ಲಿ ಪ್ರೊಸೆಸರಿನ ಕೆಳಗೇ 1331 ಸಣ್ಣ ಪಿನ್ನುಗಳಿರುತ್ತವೆ, ರಭಸದಿಂದ ಎಳೆದರೆ ಲಿವರ್ ಬಿಚ್ಚದೆಯೇ ಪ್ರೊಸೆಸರ್ ಕೂಲರಿಗೆ ಅಂಟಿಕೊಂಡು ಕಿತ್ತು ಬರುತ್ತದೆ. ಇಂಟೆಲ್ ಮತ್ತು ಎಎಂಡಿಯ ಎಎಂ5 ಯಂತ್ರಗಳಲ್ಲಿ ಲೋಹದ ಚೌಕಟ್ಟು ಪ್ರೊಸೆಸರನ್ನು ಹಿಡಿದಿರುವುದರಿಂದ ಆ ಭಯವಿಲ್ಲ, ಆದರೆ ಪಿನ್ನುಗಳು ಮದರ್‌ಬೋರ್ಡಿನ ಕಡೆಗಿವೆ. ಮದರ್‌ಬೋರ್ಡ್ ಕ್ಯಾಬಿನೆಟ್ಟಿನಲ್ಲೇ ಹೋಗುವುದಾದರೆ ಪ್ರೊಸೆಸರನ್ನು ಸಾಕೆಟ್ಟಿನಲ್ಲೇ ಬಿಡಿ. ಅದಕ್ಕಿಂತ ಒಳ್ಳೆಯ ಪೆಟ್ಟಿಗೆ ಅದಕ್ಕೆ ಸಿಗುವುದಿಲ್ಲ. ಮೇಲಿನ ಹಳೆಯ ಪೇಸ್ಟನ್ನು ಒರೆಸಿ ತೆಗೆದರೆ ಸಾಕು. ಪ್ರೊಸೆಸರನ್ನು ತೆಗೆದು ಒಯ್ಯುವುದಾದರೆ, ಮದರ್‌ಬೋರ್ಡಿನ ಜೊತೆ ಬಂದಿದ್ದ ಪ್ಲಾಸ್ಟಿಕ್ ಮುಚ್ಚಳವನ್ನು ಸಾಕೆಟ್ಟಿಗೆ ಹಾಕದೆ ಒಂದು ಹೆಜ್ಜೆಯೂ ಮುಂದೆ ಹೋಗಬೇಡಿ, ಬಾಗಿದ ಪಿನ್ನನ್ನು ನೆಟ್ಟಗೆ ಮಾಡುವುದು ಎಲ್ಲರಿಗೂ ಆಗುವ ಕೆಲಸವಲ್ಲ.

ಗಿಡ್ಡ ಕೂಲರುಗಳು, ಅಂದರೆ ಪ್ರೊಸೆಸರಿನ ಜೊತೆಗೆ ಬರುವಂಥ ಹಗುರವಾದವು, ತಮ್ಮ ಜಾಗದಲ್ಲೇ ಇರಬಹುದು. ಕಂಪನಿಯಲ್ಲೇ ಮುಚ್ಚಿಬಂದ ಲಿಕ್ವಿಡ್ ಕೂಲರುಗಳ ರೇಡಿಯೇಟರ್ ಸ್ಕ್ರೂಗಳನ್ನು ಬಿಗಿಗೊಳಿಸಿ ಹಾಗೆಯೇ ಬಿಡಬಹುದು. ತಾವೇ ಕೊಳವೆ ಜೋಡಿಸಿ ಕಟ್ಟಿಕೊಂಡ ವಾಟರ್ ಕೂಲಿಂಗ್ ಇದ್ದರೆ ನೀರನ್ನು ಪೂರ್ತಿ ಬಸಿದು ಒಣಗಿಸಲೇಬೇಕು.

ಹಾರ್ಡ್ ಡಿಸ್ಕನ್ನು ತಪ್ಪದೆ ತೆಗೆಯಿರಿ. ನಿಂತಿರುವಾಗ ಅದರ ಹೆಡ್ಡುಗಳು ತಟ್ಟೆಗಳಿಂದ ದೂರ ಸರಿದು ಕುಳಿತಿರುವುದರಿಂದ ಓಡುವಾಗಿನದಕ್ಕಿಂತ ಹೆಚ್ಚು ಪೆಟ್ಟು ತಡೆದುಕೊಳ್ಳುತ್ತದೆ, ಹಾಗೆಂದು ಅದು ಲಗೇಜಿನ ಪೆಟ್ಟಿಗೆಯಲ್ಲಿ ಉರುಳಾಡುವ ವಸ್ತುವಲ್ಲ. ಮದರ್‌ಬೋರ್ಡಿಗೇ ಸಿಕ್ಕಿಸುವ ಪಟ್ಟಿಯಂಥ ಎಂ.2 ಎಸ್‌ಎಸ್‌ಡಿಗೆ ಅಲುಗಾಟದ ಭಯವಿಲ್ಲ. ಅದನ್ನು ತೆಗೆಯುವುದು ಅದರಲ್ಲಿರುವ ಮಾಹಿತಿ ನಿಮ್ಮ ಕಣ್ಣೆದುರೇ ಇರಲಿ ಎಂಬ ಕಾರಣಕ್ಕೆ. ಅದನ್ನು ಹಿಡಿದಿರುವ ಸ್ಕ್ರೂ ಅಕ್ಕಿಕಾಳಿಗಿಂತ ಸಣ್ಣದು, ನೆಲಕ್ಕೆ ಬಿದ್ದರೆ ಸಿಗುವುದಿಲ್ಲ. ರ‍್ಯಾಮ್ ಹಗುರ, ಎರಡೂ ಕಡೆ ಹಿಡಿತವಿದೆ, ಅದು ಇದ್ದಲ್ಲೇ ಇರಲಿ. ಮದರ್‌ಬೋರ್ಡಿನ ಗುಂಡಿಯಾಕಾರದ ಬ್ಯಾಟರಿಯನ್ನೂ ಮುಟ್ಟಬೇಡಿ.

ಸ್ಕ್ರೂಗಳಿಗೆ ನಾನು ಮಾಡುವುದು ಇಷ್ಟು: ಒಂದು ದಪ್ಪ ಕಾಗದದ ಮೇಲೆ ಕ್ಯಾಬಿನೆಟ್ಟಿನ ಒಳಗಿನ ನಕ್ಷೆಯನ್ನು ಒರಟಾಗಿ ಬರೆದು, ಬಿಚ್ಚಿದ ಪ್ರತಿ ಸ್ಕ್ರೂವನ್ನು ಅದು ಬಂದ ಜಾಗದಲ್ಲೇ ಪಾರದರ್ಶಕ ಟೇಪಿನಿಂದ ಅಂಟಿಸುತ್ತೇನೆ. ತಿಂಗಳ ಮೇಲೆ ತೆರೆದರೂ ಯಾವುದು ಎಲ್ಲಿಯದೆಂದು ಕೇಳುವ ಪ್ರಮೇಯ ಬಂದಿಲ್ಲ. ಪವರ್ ಸಪ್ಲೈಯಿಂದ ಕಳಚಬಹುದಾದ ಕೇಬಲ್ಲುಗಳಿದ್ದರೆ ಅವೆಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿ ಮಾದರಿಯ ಹೆಸರು ಬರೆಯಿರಿ. ಬೇರೆ ಕಂಪನಿಯ ಕೇಬಲ್ ಅದೇ ಕಿಂಡಿಗೆ ಹಿಡಿಸಿದರೂ ಒಳಗಿನ ವೈರುಗಳ ಕ್ರಮ ಬೇರೆಯಿರಬಹುದು, ಹಾಗೆ ಹಾಕಿ ಡಿಸ್ಕು ಸುಟ್ಟುಕೊಂಡವರಿದ್ದಾರೆ.

ಕಟ್ಟುವುದು

ಗ್ರಾಫಿಕ್ಸ್ ಕಾರ್ಡ್ ಮತ್ತು ಮದರ್‌ಬೋರ್ಡುಗಳು ಬಂದಿದ್ದ ಮೂಲ ಪೆಟ್ಟಿಗೆಗಳಿದ್ದರೆ ಅವನ್ನೇ ಬಳಸಿ. ಇಲ್ಲದಿದ್ದರೆ ಬೆಳ್ಳಿ ಬಣ್ಣದ ಆ್ಯಂಟಿಸ್ಟ್ಯಾಟಿಕ್ ಚೀಲ, ಅದರ ಮೇಲೆ ಬಬಲ್ ವ್ರ್ಯಾಪ್ ಎಂಬ ಕ್ರಮ ಇರಲಿ. ಸಾಮಾನ್ಯ ಬಬಲ್ ವ್ರ್ಯಾಪ್ ಉಜ್ಜಿದಾಗ ಸ್ಥಿರ ವಿದ್ಯುತ್ ಹುಟ್ಟಿಸುತ್ತದೆ, ಅದು ನೇರವಾಗಿ ಬೋರ್ಡಿಗೆ ತಾಗಬಾರದು. ಗುಲಾಬಿ ಬಣ್ಣದ ಆ್ಯಂಟಿಸ್ಟ್ಯಾಟಿಕ್ ಬಬಲ್ ಸಿಕ್ಕರೆ ಆ ಚಿಂತೆಯಿಲ್ಲ.

ಖಾಲಿಯಾದ ಕ್ಯಾಬಿನೆಟ್ಟಿನ ಒಳಗನ್ನು ಆ್ಯಂಟಿಸ್ಟ್ಯಾಟಿಕ್ ಫೋಮಿನಿಂದ ಹಿತವಾಗಿ ತುಂಬಿ, ಕೇಬಲ್ಲುಗಳನ್ನು ಕಟ್ಟಿಹಾಕಿ. ಥರ್ಮೋಕೋಲ್ ಚೂರುಗಳನ್ನು ಮಾತ್ರ ಹಾಕಬೇಡಿ, ಅವು ಫ್ಯಾನಿನೊಳಗೂ ಸ್ಲಾಟುಗಳೊಳಗೂ ಸೇರಿ ತಿಂಗಳುಗಟ್ಟಲೆ ಸಿಗುತ್ತಿರುತ್ತವೆ. ಒಳಗೆ ಫೋಮ್ ಇದೆ, ತೆಗೆಯದೆ ಸ್ವಿಚ್ ಹಾಕಬಾರದು ಎಂದು ಒಂದು ಚೀಟಿ ಬರೆದು ಪವರ್ ಕೇಬಲ್ ಸಿಕ್ಕಿಸುವ ಜಾಗದ ಮೇಲೇ ಅಂಟಿಸಿ. ಆಯಾಸದ ಮೊದಲ ದಿನ ಇದು ನೆನಪಿನಲ್ಲಿ ಉಳಿಯುವುದಿಲ್ಲ.

ಬಳಿಕ ಕ್ಯಾಬಿನೆಟ್ಟಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಎರಡು ಪದರದ ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಆರೂ ಬದಿಗೆ 5 ಸೆಂ.ಮೀ. ಫೋಮ್ ಬರುವಂತೆ ಇಡಿ. ಮೂಲೆಗಳಲ್ಲಿ ಇನ್ನಷ್ಟು ದಪ್ಪವಿರಲಿ, ಪೆಟ್ಟಿಗೆ ಬೀಳುವುದು ಹೆಚ್ಚಾಗಿ ಮೂಲೆಯ ಮೇಲೆಯೇ. ಬಟ್ಟೆಬರೆ, ಟವೆಲ್ಲುಗಳನ್ನು ಮೆತ್ತೆಯಾಗಿ ಬಳಸುವವರಿದ್ದಾರೆ; ಅವು ಒಂದೆರಡು ಏಟು ಬಿದ್ದೊಡನೆ ಅಡಕವಾಗಿ ಕೂತುಬಿಡುತ್ತವೆ, ಫೋಮಿನಂತೆ ಮತ್ತೆ ಉಬ್ಬುವುದಿಲ್ಲ. ಕಟ್ಟಿದ ಪೆಟ್ಟಿಗೆ ಎಷ್ಟನ್ನು ತಡೆಯಬೇಕು ಎಂಬುದಕ್ಕೆ ಪಾರ್ಸೆಲ್ ಪ್ಯಾಕಿಂಗ್ ಪರೀಕ್ಷೆಗಳನ್ನೇ ನೋಡಬಹುದು: ಇಂಟರ್‌ನ್ಯಾಷನಲ್ ಸೇಫ್ ಟ್ರಾನ್ಸಿಟ್ ಅಸೋಸಿಯೇಷನ್ನಿನ 1ಎ ಎಂಬ ಪ್ರಾಥಮಿಕ ಪರೀಕ್ಷೆಯಲ್ಲಿ ಹಗುರವಾದ ಪೆಟ್ಟಿಗೆಯನ್ನು 76 ಸೆಂ.ಮೀ. ಎತ್ತರದಿಂದ ಮೂಲೆ, ಅಂಚು, ಬದಿಗಳ ಮೇಲೆ ಮತ್ತೆ ಮತ್ತೆ ಬೀಳಿಸುತ್ತಾರೆ. ಸೊಂಟದೆತ್ತರದ ಆ ಬೀಳುವಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿ. ಟೇಪು ಹಾಕಿದ ಮೇಲೆ ಪೆಟ್ಟಿಗೆಯನ್ನು ಎರಡು ಕೈಗಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಒಳಗೆ ಯಾವುದಾದರೂ ಸರಿದ ಸುಳಿವು ಸಿಕ್ಕರೆ ಟೇಪು ಬಿಚ್ಚಿ ಮತ್ತೆ ಕಟ್ಟಬೇಕು.

ಪೆಟ್ಟಿಗೆಯ ಮೇಲೆ ಬಾಣದ ಗುರುತು ಹಾಕಿ, ಆದರೆ ಅದನ್ನು ಯಾರೂ ಪಾಲಿಸುವುದಿಲ್ಲ ಎಂದುಕೊಂಡೇ ಒಳಗೆ ಭದ್ರಪಡಿಸಿ. ನಿಮ್ಮದೇ ವಾಹನದಲ್ಲಿ ನಿಲ್ದಾಣಕ್ಕೆ ಒಯ್ಯುವಾಗ ಮದರ್‌ಬೋರ್ಡ್ ತಳಕ್ಕೆ ಸಮಾಂತರವಾಗಿ ಮಲಗಿರುವಂತೆ ಇಡಿ. ಕಂಪ್ಯೂಟರ್ ಕಂಪನಿಯ ಹೆಸರು ಹೊರಗೆ ಕಾಣಿಸದಿರಲಿ.

ಮಾನಿಟರ್ ಒಯ್ಯಲೇಬೇಕೆಂದಿದ್ದರೆ ಅದರ ಮೂಲ ಪೆಟ್ಟಿಗೆ ಇದ್ದಾಗ ಮಾತ್ರ ಧೈರ್ಯ ಮಾಡಿ. ಸ್ಟ್ಯಾಂಡ್ ಕಳಚಿ, ಪರದೆಗೆ ಮೆತ್ತನೆಯ ಹಾಳೆ ಹಾಸಿ, ಯಾವಾಗಲೂ ನಿಲ್ಲಿಸಿಯೇ ಸಾಗಿಸಬೇಕು.

ವಿಮಾನದಲ್ಲಿ, ಹಡಗಿನಲ್ಲಿ

ಡಿಸ್ಕುಗಳು, ಗ್ರಾಫಿಕ್ಸ್ ಕಾರ್ಡ್, ತೆಗೆದಿದ್ದರೆ ಪ್ರೊಸೆಸರ್, ಇವು ಕ್ಯಾಬಿನ್ ಬ್ಯಾಗಿನಲ್ಲಿ ನಿಮ್ಮ ಜೊತೆಗೇ ಇರಬೇಕು. ಭದ್ರತಾ ತಪಾಸಣೆಯವರು ಗ್ರಾಫಿಕ್ಸ್ ಕಾರ್ಡನ್ನು ಹೊರತೆಗೆದು ತೋರಿಸಲು ಹೇಳುವುದು ಸಾಮಾನ್ಯ, ಆದ್ದರಿಂದ ಅದು ಬ್ಯಾಗಿನ ಮೇಲ್ಭಾಗದಲ್ಲಿರಲಿ. ಎಕ್ಸ್-ರೇ ಯಂತ್ರದಿಂದ ಡಿಸ್ಕಿನ ಮಾಹಿತಿಗೆ ಏನೂ ಆಗುವುದಿಲ್ಲ. ಸ್ಕ್ರೂಡ್ರೈವರುಗಳು ಮಾತ್ರ ಚೆಕ್-ಇನ್ ಪೆಟ್ಟಿಗೆಗೆ ಹೋಗಲಿ.

ಲೀಥಿಯಂ ಬ್ಯಾಟರಿಗಳ ವಿಷಯದಲ್ಲಿ ನಿಯಮ ಕಟ್ಟುನಿಟ್ಟು. ಬಿಡಿಯಾಗಿರುವ ಬ್ಯಾಟರಿ ಮತ್ತು ಪವರ್ ಬ್ಯಾಂಕುಗಳು ಕ್ಯಾಬಿನ್ನಿನಲ್ಲಿ ಮಾತ್ರ ಹೋಗಬೇಕು. 100 ವ್ಯಾಟ್-ಅವರ್ ಮೀರಿದವಕ್ಕೆ ವಿಮಾನಯಾನ ಸಂಸ್ಥೆಯ ಒಪ್ಪಿಗೆ ಬೇಕು, 160 ಮೀರಿದವಕ್ಕೆ ಪ್ರಯಾಣಿಕರ ಲಗೇಜಿನಲ್ಲಿ ಅವಕಾಶವಿಲ್ಲ. ಮದರ್‌ಬೋರ್ಡಿನಲ್ಲೇ ಕೂತಿರುವ ಗುಂಡಿ ಬ್ಯಾಟರಿಗೆ ಈ ತೊಡಕಿಲ್ಲ. ಧೂಳು ಊದುವ ಸ್ಪ್ರೇ ಡಬ್ಬಿ ಮತ್ತು ಪೇಸ್ಟ್ ಒರೆಸುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಬಿಟ್ಟು ಹೋಗಿ, ಅಲ್ಲೇ ಕೊಳ್ಳಿ. ಥರ್ಮಲ್ ಪೇಸ್ಟಿನ ಸಣ್ಣ ಟ್ಯೂಬನ್ನು ದ್ರವಗಳ ಜೊತೆ ಇಟ್ಟರಾಯಿತು.

ಚೆಕ್-ಇನ್ ಪೆಟ್ಟಿಗೆಯನ್ನು ನಿಮ್ಮ ಬೆನ್ನ ಹಿಂದೆ ತೆರೆದು ನೋಡಬಹುದು. ತೆರೆದವರು ಮೊದಲಿನಂತೆ ಮುಚ್ಚಲಿ ಎಂದಿದ್ದರೆ, ಸರಿಯಾಗಿ ಕಟ್ಟಿದ ಒಳಭಾಗದ ಒಂದು ಫೋಟೊ ಮುದ್ರಿಸಿ, ಯಾವ ಫೋಮ್ ಎಲ್ಲಿ ಬರಬೇಕೆಂಬ ಎರಡು ಸಾಲಿನೊಂದಿಗೆ ಮೇಲೆಯೇ ಇಡಿ.

ಹಡಗಿನಲ್ಲಿ ಹೋಗುವ ಪೆಟ್ಟಿಗೆಗೆ ಶತ್ರು ತೇವ. ವಾರಗಟ್ಟಲೆ ಬಿಸಿಲು ಮತ್ತು ಚಳಿಯ ನಡುವೆ ಸಾಗುವ ಕಂಟೇನರಿನ ಒಳಛಾವಣಿಯಲ್ಲಿ ಹಬೆ ತಣಿದು ಹನಿಯಾಗಿ ಕೆಳಗಿನ ಸಾಮಾನಿನ ಮೇಲೆ ಬೀಳುತ್ತದೆ. ಕ್ಯಾಬಿನೆಟ್ಟನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಒಳಗೆ ಸಿಲಿಕಾ ಜೆಲ್ ಹಾಕಿ ಅಂಚುಗಳನ್ನು ಟೇಪಿನಿಂದ ಬಿಗಿಯಬೇಕು, ಒಣಗಿದ ದಿನ ಒಣಗಿದ ಕೋಣೆಯಲ್ಲಿ ಮುಚ್ಚಬೇಕು.

ಕಾಗದಪತ್ರ, ಸುಂಕ, ವಿಮೆ

ಪ್ರತಿ ಭಾಗದ ಹೆಸರು, ಸೀರಿಯಲ್ ನಂಬರ್, ಕೊಂಡ ದಿನಾಂಕ, ಬೆಲೆ ಇರುವ ಪಟ್ಟಿಯೊಂದನ್ನು ಮಾಡಿ, ಬಿಲ್ಲುಗಳ ಜೊತೆ ಎರಡು ಪ್ರತಿ ಇಟ್ಟುಕೊಳ್ಳಿ. ಅಂಗಡಿಯ ಮೂಲ ಪೆಟ್ಟಿಗೆಯಲ್ಲಿರುವ ಗ್ರಾಫಿಕ್ಸ್ ಕಾರ್ಡು ಮಾರಾಟಕ್ಕೆ ತಂದ ಹೊಸ ಸರಕಿನಂತೆ ಕಾಣುತ್ತದೆ. ಹಳೆಯ ಬಿಲ್ಲು ತೋರಿಸಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ವಾಸಸ್ಥಳ ಬದಲಿಸುವವರು ಬಳಸಿದ ಸಾಮಾನಿಗೆ ಹಲವು ದೇಶಗಳು ಸುಂಕ ವಿನಾಯಿತಿ ಕೊಡುತ್ತವೆ, ಷರತ್ತುಗಳು ಮಾತ್ರ ಬೇರೆ ಬೇರೆ. ಯೂರೋಪಿಯನ್ ಒಕ್ಕೂಟದ 1186/2009 ನಿಯಮದಂತೆ ಒಕ್ಕೂಟದ ಹೊರಗೆ ಕನಿಷ್ಠ 12 ತಿಂಗಳು ನೆಲೆಸಿದ್ದು, ವಸ್ತು ಕನಿಷ್ಠ 6 ತಿಂಗಳು ನಿಮ್ಮ ಬಳಿ ಇದ್ದಿರಬೇಕು, ಮತ್ತು ತಂದ ಮೇಲೆ 12 ತಿಂಗಳು ಮಾರುವಂತಿಲ್ಲ. ಬ್ರಿಟನ್ನಿಗೆ ಹೋಗುವವರು ಟಿಒಆರ್1 ಎಂಬ ಅರ್ಜಿಯನ್ನು ಸಾಮಾನು ತಲುಪುವ ಮೊದಲೇ ಸಲ್ಲಿಸಿರಬೇಕು. ಹೊಸ ಯಂತ್ರ ಕೊಂಡು ಅದರೊಡನೆ ಹೊರಡುವ ಯೋಚನೆಯಿದ್ದರೆ ಈ ತಿಂಗಳುಗಳ ಲೆಕ್ಕವನ್ನು ಮೊದಲು ಮಾಡಿ.

ವಿಮೆಯಲ್ಲಿ ಓದಬೇಕಾದ ಒಂದೇ ಸಾಲು ಯಾರು ಕಟ್ಟಿದ್ದು ಎಂಬುದು. ಸಾಗಣೆ ವಿಮೆಗಳು ಅನೇಕ ಸಲ ಮಾಲೀಕರೇ ಕಟ್ಟಿದ ಪೆಟ್ಟಿಗೆಯೊಳಗಿನ ಒಡಕಿಗೆ ಪರಿಹಾರ ಕೊಡುವುದಿಲ್ಲ, ಪೆಟ್ಟಿಗೆಯೇ ಕಳೆದರೆ ಮಾತ್ರ ಕೊಡುತ್ತವೆ. ವಿಮಾನದ ಲಗೇಜಿಗೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ: 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕರಿಗೆ ಪರಿಹಾರದ ಮಿತಿ 1,519 ಎಸ್‌ಡಿಆರ್. ಎಸ್‌ಡಿಆರ್ ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ಒಳ್ಳೆಯ ಯಂತ್ರವೊಂದರ ಬೆಲೆ ಈ ಮಿತಿಯನ್ನು ಸುಲಭವಾಗಿ ಮೀರುತ್ತದೆ, ಸಾಲದ್ದಕ್ಕೆ ನಾಜೂಕಾದ ಎಲೆಕ್ಟ್ರಾನಿಕ್ ವಸ್ತುಗಳನ್ನು ಚೆಕ್-ಇನ್ ಮಾಡಬಾರದೆಂದು ಸಂಸ್ಥೆಗಳ ಷರತ್ತಿನಲ್ಲೇ ಇರುತ್ತದೆ. ಹಾನಿಯ ದೂರನ್ನು ಲಗೇಜು ಕೈಗೆ ಬಂದ 7 ದಿನಗಳೊಳಗೆ ಬರಹದಲ್ಲಿ ಕೊಡಬೇಕು. ಪೆಟ್ಟಿಗೆ ಜಜ್ಜಿದ್ದು ಕಂಡರೆ ನಿಲ್ದಾಣ ಬಿಡುವ ಮುನ್ನವೇ ಫೋಟೊ ತೆಗೆದು ಲಗೇಜ್ ಕೌಂಟರಿನಲ್ಲಿ ವರದಿ ಬರೆಸಿ.

ತಲುಪಿದ ಮೇಲೆ

ತಣ್ಣಗಿರುವ ಪೆಟ್ಟಿಗೆಯನ್ನು ಬೆಚ್ಚಗಿನ ಕೋಣೆಯಲ್ಲಿ ತೆರೆದೊಡನೆ ಗಾಳಿಯ ತೇವ ಲೋಹದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಕೂರುತ್ತದೆ. ಅದಕ್ಕಾಗಿ ಮುಚ್ಚಿದ ಪೆಟ್ಟಿಗೆಯನ್ನು ಹಾಗೆಯೇ 12ರಿಂದ 24 ಗಂಟೆ ಕೋಣೆಯಲ್ಲಿಡಿ. ತೆರೆದ ಮೇಲೆ ಒಳಗಿನ ಫೋಮ್ ಪೂರ್ತಿ ತೆಗೆದು, ಟಾರ್ಚಿನ ಬೆಳಕಿನಲ್ಲಿ ಉದುರಿದ ಸ್ಕ್ರೂ ಯಾವುದಾದರೂ ಬೋರ್ಡಿನ ಹಿಂದೆ ಸಿಕ್ಕಿಕೊಂಡಿದೆಯೇ ಎಂದು ಹುಡುಕಿ. ರ‍್ಯಾಮನ್ನೂ ಮದರ್‌ಬೋರ್ಡಿನ ದೊಡ್ಡ ಪವರ್ ಕನೆಕ್ಟರನ್ನೂ ಮತ್ತೊಮ್ಮೆ ಒತ್ತಿ ಕೂರಿಸಿ. ಪ್ರೊಸೆಸರಿಗೆ ಹೊಸ ಪೇಸ್ಟ್ ಹಚ್ಚಿ ಕೂಲರನ್ನು ಎದುರುಬದುರು ಸ್ಕ್ರೂಗಳ ಕ್ರಮದಲ್ಲೇ ಬಿಗಿಯಿರಿ, ಅದರ ಫ್ಯಾನಿನ ವೈರು ಹಾಕಲು ಮರೆಯಬೇಡಿ.

ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಸೌಲಭ್ಯವಿದ್ದರೆ ಮೊದಲ ಸಲ ಗ್ರಾಫಿಕ್ಸ್ ಕಾರ್ಡ್ ಹಾಕದೆಯೇ ಚಾಲೂ ಮಾಡಿ ಬಯಾಸ್ ತನಕ ಹೋಗಿ ನೋಡಿ. ಏನಾದರೂ ತಪ್ಪಿದ್ದರೆ ಹುಡುಕುವುದು ಸುಲಭವಾಗುತ್ತದೆ. ಡಿಡಿಆರ್5 ರ‍್ಯಾಮಿನ ಯಂತ್ರಗಳು ಮೊದಲ ಸಲ ಮೆಮೊರಿಯನ್ನು ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳಬಹುದು, ಆಗ ಪರದೆ ಕಪ್ಪಾಗಿಯೇ ಇರುತ್ತದೆ. ಗಾಬರಿಯಲ್ಲಿ ಸ್ವಿಚ್ ಆರಿಸಬೇಡಿ, ಹತ್ತು ನಿಮಿಷ ಕಾಯಿರಿ. ಬಯಾಸಿನಲ್ಲಿ ಪ್ರೊಸೆಸರಿನ ಉಷ್ಣತೆ ನೋಡಿ. ಅದು ಒಂದೆರಡು ನಿಮಿಷದಲ್ಲೇ ಏರುತ್ತ ಹೋದರೆ ಕೂಲರ್ ಸರಿಯಾಗಿ ಕುಳಿತಿಲ್ಲ. ಎಲ್ಲ ಸರಿಯಿದ್ದರೆ ಯಂತ್ರ ಆರಿಸಿ ಕೇಬಲ್ ಕಿತ್ತು ಡಿಸ್ಕು, ಗ್ರಾಫಿಕ್ಸ್ ಕಾರ್ಡುಗಳನ್ನು ಸೇರಿಸಿ, ಹಳೆಯ ಫೋಟೊಗಳನ್ನು ನೋಡಿ ಬಯಾಸ್ ಸೆಟ್ಟಿಂಗುಗಳನ್ನು ಮರಳಿಸಿ. ಬಿಟ್‌ಲಾಕರ್ ಕೀ ಕೇಳಿದರೆ ಪಾಸ್‌ಪೋರ್ಟಿನ ಜೊತೆಗಿದ್ದ ಕಾಗದ ಈಗ ಕೆಲಸಕ್ಕೆ ಬರುತ್ತದೆ.

ವಿಂಡೋಸ್ ತೆರೆದ ಮೇಲೆ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ದಾಖಲಿಸಿಡುವ ಸ್ಮಾರ್ಟ್ ವರದಿಯನ್ನು ಓದಿ, ದೊಡ್ಡ ಕಡತಗಳನ್ನು ತೆರೆದು ನೋಡಿ, ಗ್ರಾಫಿಕ್ಸ್ ಕಾರ್ಡಿಗೆ ಒಂದು ಗಂಟೆ ಭಾರದ ಕೆಲಸ ಕೊಡಿ. ಸ್ಲಾಟಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಅದು ಬಿಸಿಯೇರಿದಾಗ ತೋರುತ್ತದೆ, ಮತ್ತು ಆ 7 ದಿನಗಳೊಳಗೆ ತೋರಿದರೆ ಮಾತ್ರ ದೂರು ಕೊಡಲು ಸಾಧ್ಯ. ಅಲ್ಲಿಯವರೆಗೆ ರಟ್ಟಿನ ಪೆಟ್ಟಿಗೆಯನ್ನೂ ಒಳಗಿನ ಫೋಮನ್ನೂ ಎಸೆಯಬೇಡಿ. ಹಾನಿಯನ್ನು ಪರಿಶೀಲಿಸಲು ಬರುವವರು ಮೊದಲು ಕೇಳುವುದು ಅವನ್ನೇ.